ಬಟ್ಟಲಲ್ಲಿ ಮೂವತ್ತು ಬೀಜ: ನಮ್ಮ ಮೇಜಿನ ಮಾಂತ್ರಿಕ ಸರಿಹೋದದ್ದು ಹೀಗೆ

ಡಿ ಅಂಡ್ ಡಿ, ಅಂದರೆ ಡಂಜನ್ಸ್ ಅಂಡ್ ಡ್ರಾಗನ್ಸ್, ಮೇಜಿನ ಸುತ್ತ ಕೂತು ಪಾತ್ರ ವಹಿಸಿ ಡೈಸ್ ಎಸೆದು ಆಡುವ ಆಟ. ಅದರಲ್ಲಿ ಕ್ಲಾಸು ಅಂದರೆ ಪಾತ್ರದ ಬಗೆ, ಒಂದರ ಬಲ ಇನ್ನೊಂದಕ್ಕೆ ಸಮ ಮಾಡುವುದೇ ಬ್ಯಾಲೆನ್ಸ್. "ಮಾಂತ್ರಿಕನ ಕ್ಲಾಸನ್ನು ನೀನೇ ಬರೆದು ಬ್ಯಾಲೆನ್ಸ್ ಮಾಡ್ತೀಯಾ? ಆಗಲ್ಲ ಬಿಡು" ಅಂದವರು ಒಬ್ಬಿಬ್ಬರಲ್ಲ. ಬೆಂಗಳೂರಿನಲ್ಲಿ ಹತ್ತು ವರ್ಷದಿಂದ ಡಿ ಅಂಡ್ ಡಿ ಆಡಿಸುವ ಗೆಳೆಯನಂತೂ ಫೋನಿನಲ್ಲೇ ನಕ್ಕುಬಿಟ್ಟ. ಈಗ ಆ ಕ್ಲಾಸು ಹಾಸನದ ನಮ್ಮ ಮೇಜಿನಲ್ಲಿ ಇಪ್ಪತ್ತೆರಡೋ ಇಪ್ಪತ್ಮೂರೋ ಭಾನುವಾರ ಓಡಿದೆ. ಕತ್ತಿ ಹಿಡಿದವನೂ ಖುಷಿಯಾಗಿದ್ದಾನೆ, ಮಂತ್ರ ಹಾಕುವವನೂ ಖುಷಿಯಾಗಿದ್ದಾನೆ. ಅದಕ್ಕೇ ಬರೆಯುತ್ತಿದ್ದೇನೆ. ಆಟದ ನಿಯಮಗಳನ್ನೆಲ್ಲ ಇಲ್ಲಿ ವಿವರಿಸುವುದಿಲ್ಲ. ಆಡಿಸುವವರಿಗೆ ಅದೆಲ್ಲ ಗೊತ್ತೇ ಇರುತ್ತದೆ.

ನಮ್ಮದು ಹಾರ್ಡ್‌ವೇರ್ ಅಂಗಡಿಯ ಮೇಲಿನ ಒಂದು ರೂಮು. ಬಸ್ ಮೆಕ್ಯಾನಿಕ್ ಅಣ್ಣ ಒಬ್ಬರು ಕತ್ತಿಯವರು. ಸಕಲೇಶಪುರದ ಕಡೆಯ ಎಸ್ಟೇಟಿನ ರೈಟ್ರು (ಲೆಕ್ಕಪತ್ರ ನೋಡುವವರು) ಬಿಲ್ಲಿನವರು. ನನ್ನ ತಂಗಿ ಬೀಗ ಮುರಿಯುವವಳು. ಡಿಪ್ಲೊಮಾ ಓದುವ ಹುಡುಗ ಮಾಂತ್ರಿಕ. ಸಂಜೆ ಆರಕ್ಕೆ ಶುರು, ಎಂಟೂವರೆಗೆ ಮುಗಿಯಲೇಬೇಕು. ರೈಟ್ರು ಕೊನೇ ಬಸ್ಸು ಹಿಡಿಯಬೇಕಲ್ವಾ? ಎಲ್ಲ ತೊಂದರೆ ಶುರುವಾದದ್ದೇ ಆ ಎರಡೂವರೆ ಗಂಟೆಯಿಂದ.

2014ರ ಡಿ ಅಂಡ್ ಡಿ ನಿಯಮದ ಪುಸ್ತಕ ಆಟದೊಳಗಿನ ಒಂದು ದಿನಕ್ಕೆ ಆರರಿಂದ ಎಂಟು ಎದುರಾಟ ಅಂತ ಲೆಕ್ಕ ಹಾಕುತ್ತದೆ. ನಮ್ಮಲ್ಲಿ ಒಂದು ಸಂಜೆಗೆ ಎರಡು ಕಾಳಗ ಆದರೆ ಜಾಸ್ತಿ. ಐದನೇ ಲೆವೆಲಿನ ವಿಝರ್ಡ್ (ಮಾಂತ್ರಿಕ) ಹತ್ತಿರ ಆ ದಿನಕ್ಕೆ ಒಂಬತ್ತು ಸ್ಲಾಟ್ ಇರುತ್ತವೆ, ಅಂದರೆ ಒಂಬತ್ತು ಸಲ ಮಂತ್ರ ಹಾಕಬಹುದು. ಎರಡೇ ಕಾಳಗಕ್ಕೆ ಒಂಬತ್ತು! ಫೈರ್‌ಬಾಲ್ (ಬೆಂಕಿಯುಂಡೆಯ ಮಂತ್ರ) ಆರು ಮುಖದ ಎಂಟು ಡೈಸ್, ಏಟು ಸರಾಸರಿ 28. ಮೂವರು ಒಟ್ಟಿಗೆ ನಿಂತಿದ್ದರೆ 84. ಅಣ್ಣನ ಎರಡು ಏಟು ಸೇರಿ, ತಪ್ಪುವುದನ್ನೂ ಹಿಡಿದರೆ, ಒಂದು ಸರದಿಗೆ 11ರ ಆಸುಪಾಸು. ಮೂರನೇ ವಾರಕ್ಕೆ ಅಣ್ಣ ಫೋನು ನೋಡುತ್ತಾ ಕೂತಿದ್ದರು. "ನನ್ನ ಸರದಿ ಬರೋಷ್ಟರಲ್ಲಿ ಹೆಣ ಎತ್ತೋದಷ್ಟೇ ಬಾಕಿ ಇರುತ್ತಪ್ಪ" ಅಂದರು. ಅವರ ಮಾತು ಸರಿಯಾಗಿಯೇ ಇತ್ತು.

ಎಲ್ಲರೂ ಮಾಡುವುದನ್ನೇ ನಾನೂ ಮೊದಲು ಮಾಡಿದೆ. ಮಂತ್ರದ ಏಟನ್ನು ಅರ್ಧ ಮಾಡಿದೆ. ನಾಲ್ಕು ವಾರ ಯಾರೂ ಮಾಂತ್ರಿಕನನ್ನು ಮುಟ್ಟಲಿಲ್ಲ, ಹುಡುಗ ಕೂಡ ಕೊಡಲಿ ಹಿಡಿದ.

ಆಮೇಲೆ 'ಋಣ' ಅಂತ ಒಂದು ಪದ್ಧತಿ ಮಾಡಿದೆ. ಎಷ್ಟು ಡೈಸ್ ಬೇಕೋ ಅಷ್ಟು ಎಸಿ, ಒಂದರಲ್ಲಾದರೂ 1 ಬಿದ್ದರೆ ಮಂತ್ರ ತಿರುಗಿ ಬಡಿಯುತ್ತದೆ. ಮೂರು ಡೈಸಿಗೆ 1 ಬೀಳುವ ಸಾಧ್ಯತೆ ನೂರಕ್ಕೆ 42, ನಾಲ್ಕಕ್ಕೆ 52. ಕಾಗದದ ಮೇಲೆ ಚೆನ್ನಾಗಿಯೇ ಕಂಡಿತ್ತು. ಮೇಜಿನ ಮೇಲೆ ಹುಡುಗ ಒಂದೇ ಸಂಜೆ ಮೂರು ಸಲ ನಮ್ಮವರನ್ನೇ ಸುಟ್ಟ. ನನ್ನ ತಂಗಿಯ ಪಾತ್ರ ಸತ್ತೇ ಹೋಯಿತು. ಮುಂದಿನ ವಾರದಿಂದ ಅವನು ಮಂತ್ರ ಹಾಕುವುದನ್ನೇ ಬಿಟ್ಟ, ಡೈಸ್ ಮುಟ್ಟಲು ಹೆದರುತ್ತಿದ್ದ. ಆಟಗಾರನನ್ನು ಹೆದರಿಸಿದರೆ ಕ್ಲಾಸು ಸಮ ಆಗುವುದಿಲ್ಲ, ಖಾಲಿ ಆಗುತ್ತದೆ.

ಇಷ್ಟರಲ್ಲಿ ನಾನು ಒಂದು ದೊಡ್ಡ ತಪ್ಪು ಮಾಡಿಯಾಗಿತ್ತು. ಎಸ್‌ಆರ್‌ಡಿ 5.1, ಅಂದರೆ ಡಿ ಅಂಡ್ ಡಿಯ ಮೂಲ ನಿಯಮಗಳ ಕಡತವನ್ನು, 2023ರ ಜನವರಿಯಲ್ಲಿ ಯಾರು ಬೇಕಾದರೂ ಬಳಸಬಹುದಾದ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಿಗೆ ಬಿಟ್ಟರಲ್ಲ, ಆ ಧೈರ್ಯದ ಮೇಲೆ ನಿಯಮಗಳನ್ನು ಕನ್ನಡಕ್ಕೆ ತಂದು, ಋಣದ ಪದ್ಧತಿಯನ್ನೂ ಸೇರಿಸಿ ಅಚ್ಚು ಹಾಕಿಸಿಬಿಟ್ಟಿದ್ದೆ. 32 ಪುಟದ ಪುಸ್ತಕ 40 ಪ್ರತಿ, ನಾಲ್ಕೂ ಮುಕ್ಕಾಲು ಸಾವಿರ. 300 ಜಿಎಸ್‌ಎಂ ಆರ್ಟ್ ಕಾರ್ಡಿನಲ್ಲಿ ಮಂತ್ರದ ಎಲೆಗಳು 20 ಕಟ್ಟು, ಆರೂವರೆ ಸಾವಿರ ಇರಬೇಕು. ಆರು ಸೆಟ್ ಡೈಸಿಗೆ ಎರಡು ಸಾವಿರದ ಮೇಲೆ. ಡೈಸ್ ಉಳಿಯಿತು, ಉಳಿದ ಹನ್ನೊಂದು ಸಾವಿರ ನೀರಿಗೆ ಹೋಯಿತು. ಕಾರ್ಡುಗಳ ಹಿಂಬದಿಯಲ್ಲಿ ಮನೆಯವರು ಈಗಲೂ ದಿನಸಿ ಪಟ್ಟಿ ಬರೆಯುತ್ತಾರೆ. ಹತ್ತು ಸಂಜೆ ಆಡಿಸದೆ ಒಂದು ಹಾಳೆಯನ್ನೂ ಅಚ್ಚಿಗೆ ಕೊಡಬೇಡಿ.

ದಾರಿ ಸಿಕ್ಕಿದ್ದು ಹಾಸನಾಂಬೆಯ ದರ್ಶನದ ಸಾಲಿನಲ್ಲಿ. ವರ್ಷಕ್ಕೊಮ್ಮೆ, ದೀಪಾವಳಿಯ ಆಸುಪಾಸು ಕೆಲವೇ ದಿನ ಬಾಗಿಲು ತೆಗೆಯುತ್ತಾರೆ. ಬಾಗಿಲು ಹಾಕುವಾಗ ಹಚ್ಚಿಟ್ಟ ದೀಪ ಮುಂದಿನ ವರ್ಷ ತೆಗೆಯುವವರೆಗೂ ಉರಿಯುತ್ತಿರುತ್ತದೆ ಅನ್ನುವುದು ಊರಿನ ನಂಬಿಕೆ. ಸಾಲಿನಲ್ಲಿ ನನ್ನ ಮುಂದಿದ್ದ ಒಂದು ಮಗು ಅಪ್ಪನ ಹೆಗಲ ಮೇಲಿಂದ ಕೇಳಿತು: "ಅಪ್ಪಾ, ಒಂದು ವರ್ಷಕ್ಕೆ ಎಷ್ಟು ಎಣ್ಣೆ ಬೇಕು?" ಅಪ್ಪ ಏನೋ ಹೇಳಿದರು, ನನಗೆ ಕೇಳಿಸಲಿಲ್ಲ. ನನ್ನ ತಲೆ ಆಗಲೇ ಮೇಜಿನ ಹತ್ತಿರ ಹೋಗಿತ್ತು. ಮಂತ್ರಕ್ಕೆ ಬೇಕಾದದ್ದೂ ಎಣ್ಣೆಯೇ, ಎಲ್ಲರಿಗೂ ದಾರಿ ಕಾಣಲು ಬೇಕಾದದ್ದೂ ಅದೇ ಎಣ್ಣೆ ಆದರೆ?

ಹಾಗೆ ಹುಟ್ಟಿದವನು 'ದೀಪಗಾರ'.

ಮೊದಲ ವಾರ ನಿಜವಾದ ದೀಪವನ್ನೇ ಇಟ್ಟೆ. ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ 180 ರೂಪಾಯಿ ಕೊಟ್ಟು ತಂದ ಹಿತ್ತಾಳೆ ದೀಪ. ಫ್ಯಾನು ನಿಲ್ಲಿಸಬೇಕು, ಸೆಕೆ. ಎಣ್ಣೆ ಅಳೆಯಲು ಚಮಚ ಬೇಕು. ಕೊನೆಗೆ ರೈಟ್ರ ಮೊಣಕೈ ತಾಗಿ ಎಣ್ಣೆ ಪೂರ್ತಿ ನಕ್ಷೆಯ ಮೇಲೆ ಚೆಲ್ಲಿತು. ಮುಂದಿನ ವಾರ ರೈಟ್ರೇ ಒಂದು ಪೊಟ್ಟಣದಲ್ಲಿ ಕಾಫಿ ಬೀಜ ತಂದರು. "ಎಣ್ಣೆ ಬದಲು ಇದನ್ನ ಎಣಿಸಿ ಸಾರ್" ಅಂದರು. ಹುರಿದ ಬೀಜ ಬೇಡ, ಹಾಳೆಗೆ ಜಿಡ್ಡು ಹಿಡಿಯುತ್ತದೆ, ಮಾತಿನ ಮಧ್ಯೆ ಯಾರೋ ಬಾಯಿಗೂ ಹಾಕಿಕೊಳ್ಳುತ್ತಾರೆ. ಹಸಿ ಅರೇಬಿಕಾ ಒಳ್ಳೆಯದು. ಚಪ್ಪಟೆಯಾಗಿರುವುದರಿಂದ ಉರುಳುವುದಿಲ್ಲ.

ನಿಯಮ ಇಷ್ಟೇ. ಮೇಜಿನ ನಡುವೆ ಬಟ್ಟಲು, ಅದರಲ್ಲಿ 30 ಬೀಜ. ಹತ್ತು ನಿಮಿಷಕ್ಕೊಮ್ಮೆ ಫೋನಿನ ಅಲಾರಂ ಹೊಡೆದಾಗ ಒಂದು ಬೀಜ ಹೊರಗೆ. ಇದು ಆಟದೊಳಗಿನ ನಿಮಿಷವಲ್ಲ, ಗಡಿಯಾರದ ನಿಮಿಷ. ಎರಡೂವರೆ ಗಂಟೆಯಲ್ಲಿ ಕಾಫಿ ಕುಡಿಯುವ ಅರ್ಧ ಗಂಟೆ ಬಿಟ್ಟರೆ ಬೆಳಕಿಗೇ ಹನ್ನೆರಡು ಹೋಗುತ್ತವೆ. ಮಂತ್ರಕ್ಕೆ ಉಳಿಯುವುದು ಹದಿನೆಂಟು. ಚಿಕ್ಕ ಮಂತ್ರಕ್ಕೆ ಒಂದು ಬೀಜ, ಅದರಲ್ಲಿ ಏಟಿಲ್ಲ: ಬೀಗ ಸಡಿಲಿಸುವುದು, ದನಿ ಬದಲಿಸುವುದು, ಅಂಥವು. ಎರಡು ಬೀಜಕ್ಕೆ ಒಬ್ಬನ ಮೇಲೆ ಮೂರು ಡೈಸ್. ನಾಲ್ಕು ಬೀಜಕ್ಕೆ ಗುಂಪಿನ ಮೇಲೆ ಆರು ಡೈಸ್, ತಪ್ಪಿಸಿಕೊಳ್ಳುವ ಎಸೆತ ಇಲ್ಲ. ಬಟ್ಟಲಲ್ಲಿ ಹತ್ತಕ್ಕಿಂತ ಕಡಿಮೆಯಾದರೆ ಇಪ್ಪತ್ತು ಅಡಿ ಆಚೆ ಏನೂ ಕಾಣುವುದಿಲ್ಲ, ಅಂದರೆ ರೈಟ್ರ ಬಿಲ್ಲು ದಂಡ. ನಾಲ್ಕಕ್ಕಿಂತ ಕಡಿಮೆಯಾದರೆ ಎಲ್ಲರೂ ಡಿ20 (ಇಪ್ಪತ್ತು ಮುಖದ ಡೈಸ್) ಎರಡು ಸಲ ಎಸೆದು ಚಿಕ್ಕದನ್ನೇ ಹಿಡಿಯಬೇಕು.

ಮೊದಲು 20 ಬೀಜ ಇಟ್ಟಿದ್ದೆ, ಯಾರೂ ಮಂತ್ರಕ್ಕೆ ಬಿಡಲಿಲ್ಲ. 40 ಇಟ್ಟೆ, ಮತ್ತೆ ಹಳೇ ಫೈರ್‌ಬಾಲ್ ಕಥೆ. ಕೊನೆಗೆ 30, ಅಂದರೆ ಗಂಟೆಗೆ 12ರ ಲೆಕ್ಕ ಕೂತಿತು. ನಿಮ್ಮ ಆಟ ನಾಲ್ಕು ಗಂಟೆಯದಾದರೆ 48ರಿಂದ ಶುರು ಮಾಡಿ ನೋಡಿ.

ನಾಲ್ಕೈದು ಸಂಜೆ ಏಟುಗಳನ್ನು ಬರೆದಿಟ್ಟೆ. ಒಂದು ಸಂಜೆಗೆ ಅಣ್ಣನಿಗೆ ಹದಿನಾಲ್ಕು ಸರದಿಯ ಸುಮಾರು, ಒಟ್ಟು 150ರ ಆಸುಪಾಸು. ಹುಡುಗ ದೊಡ್ಡ ಮಂತ್ರ ಎರಡು ಸಲ ಹಾಕಿದರೆ, ಮೂವರು ಸಿಕ್ಕರೆ, 126. ಕೋಲಿನ ಏಟು ಸೇರಿ ಅವನೂ 150ರ ಹತ್ತಿರ ಬರುತ್ತಾನೆ. ಉಳಿದ ಹತ್ತು ಬೀಜ ಚಿಕ್ಕಪುಟ್ಟದ್ದಕ್ಕೆ.

ಅಂಕಿಗಿಂತ ನನಗೆ ದೊಡ್ಡದು ಇನ್ನೊಂದು. ಒಂದು ಸಂಜೆ ಬಟ್ಟಲಲ್ಲಿ ಹನ್ನೆರಡು ಬೀಜ ಇದ್ದವು, ಎದುರಿಗೆ ನಾಲ್ಕು ತೋಳ. ಹುಡುಗ ಬೀಜಗಳ ಮೇಲೆ ಬೆರಳಿಟ್ಟು ರೈಟ್ರ ಮುಖ ನೋಡಿದ. "ನಾಲ್ಕು ತಗೊಳ್ಳಲಾ ರೈಟ್ರೇ?" ರೈಟ್ರು ತಮ್ಮ ಹಾಳೆ ನೋಡಿದರು, ಉಳಿದಿದ್ದ ಬಾಣ ಎಣಿಸಿದರು, ಸುಮ್ಮನಾದರು. ಆಗ ಅಣ್ಣ ಕುರ್ಚಿ ಮುಂದಕ್ಕೆ ಎಳೆದುಕೊಂಡು, "ಬಿಡೋ ಮರಿ, ಇದನ್ನ ನಾನು ನೋಡ್ಕೋತೀನಿ" ಅಂದರು. ಅವರ ಫೋನು ಆವತ್ತು ಜೇಬಿನಿಂದ ಆಚೆಗೇ ಬರಲಿಲ್ಲ. ಮಂತ್ರದ ಬಲ ತಗ್ಗಿಸಿ ನಾನು ಆರು ತಿಂಗಳು ಹುಡುಕಿದ್ದು ಇದನ್ನೇ. ಬಲ ತಗ್ಗಿಸಬೇಕಿರಲಿಲ್ಲ, ಖರ್ಚು ಇಡೀ ಮೇಜಿನದಾಗಬೇಕಿತ್ತು.

ನಡುವೆ ಕವಡೆಯ ಹುಚ್ಚೂ ಹತ್ತಿತ್ತು. ಡೈಸ್ ಯಾಕೆ, ಚೌಕಾಬಾರದ ನಾಲ್ಕು ಕವಡೆ ಸಾಲದಾ ಅಂತ. ಕವಡೆ ಎರಡೂ ಬದಿಗೆ ಸಮನಾಗಿ ಬಿದ್ದರೆ ನಾಲ್ಕೂ ಒಂದೇ ಬದಿಗೆ ಬೀಳುವ ಚೌಕ, ಬಾರ ಎರಡೂ ಹದಿನಾರಕ್ಕೊಂದು. ಆದರೆ ಸಮನಾಗಿ ಬೀಳುವುದೇ ಇಲ್ಲ. ಅಜ್ಜಿಯ ಕವಡೆ ಮುನ್ನೂರು ಸಲ ಎಸೆದೆ, ಹತ್ತಕ್ಕೆ ಆರು ಬಾಯಿ ಮೇಲಾಗಿ ಬಿತ್ತು. ಅಂಗಡಿಯಿಂದ ತಂದದ್ದು ಹತ್ತಕ್ಕೆ ನಾಲ್ಕು. ಹೊಟ್ಟೆಗೆ ಮೇಣ ತುಂಬಿ ನೋಡಿದೆ, ಇನ್ನೂ ಕೆಟ್ಟಿತು. ಮನೆ ಮನೆಗೆ ಬೇರೆ ಲೆಕ್ಕ ಬಂದರೆ ಬ್ಯಾಲೆನ್ಸ್ ಎಲ್ಲಿಂದ? ಕವಡೆಯನ್ನು ಕಣಿ ಹೇಳುವ ಪಾತ್ರಕ್ಕೆ ಮಾತ್ರ ಉಳಿಸಿಕೊಂಡೆ. ಅಲ್ಲಿ ಲೆಕ್ಕ ತಪ್ಪಿದರೂ ನಡೆಯುತ್ತದೆ.

ಎರಡು ವಿಷಯ ಇಲ್ಲಿ ಬರೆಯುವುದಿಲ್ಲ. ಬಟ್ಟಲಲ್ಲಿ ಒಂದು ಪಿಬಿ (ಪೀಬೆರಿ) ಇರುತ್ತದೆ, ಒಂಟಿ ಗುಂಡು ಬೀಜ. ಕಣ್ಣು ಮುಚ್ಚಿ ತೆಗೆದಾಗ ಅದು ಕೈಗೆ ಬಂದರೆ ಏನಾಗುತ್ತದೆ ಅನ್ನುವುದು ಒಂದು. ಕೊನೆಯ ಬೀಜ ಹೋದ ಮೇಲೆ ದೀಪಗಾರ ಏನು ಮಾಡಬಹುದು ಅನ್ನುವುದು ಇನ್ನೊಂದು. ಅದನ್ನು ಮೇಜಿಗೆ ಬಂದವರಿಗೆ ಮಾತ್ರ ತೋರಿಸುತ್ತೇನೆ. ಬೆಂಗಳೂರಿನ ಗೆಳೆಯ ಒಂದು ಸಲ ಬಂದು ಆಡಿ ಹೋದ. ಹೋಗುವಾಗ ನಿಯಮದ ಹಾಳೆಯನ್ನು ಫೋಟೋ ತೆಗೆದುಕೊಂಡ.

ಈಗಿರುವ ತೊಡಕು ಬೇರೆ. ಮೆಕ್ಯಾನಿಕ್ ಅಣ್ಣ ತಾವೂ ದೀಪಗಾರ ಆಗುತ್ತೇನೆ ಅಂತ ಕೂತಿದ್ದಾರೆ. ಮಾಂತ್ರಿಕರು ಇಬ್ಬರು, ಬಟ್ಟಲು ಒಂದೇ. ಹೋದ ವಾರ 36 ಬೀಜ ಹಾಕಿದೆ, ಮೊದಲ ಗಂಟೆಯಲ್ಲೇ ಇಪ್ಪತ್ತು ಖಾಲಿ. ಬರುವ ಭಾನುವಾರ 33 ಇಟ್ಟು, ಇಬ್ಬರೂ ಒಟ್ಟಿಗೆ ಒಪ್ಪಿದರೆ ಮಾತ್ರ ನಾಲ್ಕು ಬೀಜದ ಮಂತ್ರ ಅಂತ ಮಾಡಿ ನೋಡಬೇಕು. ಇನ್ನರ್ಧ ಕೆಜಿ ತರಲು ರೈಟ್ರಿಗೆ ಹೇಳಿಯಾಗಿದೆ.