ಲಿಸ್ಪ್‌ನ ಹಳೆಯ ಜಾಡಿನಲ್ಲಿ ಸ್ವಂತ ಕಂಪೈಲರ್ ಕಟ್ಟುವ ಬಗೆ

ನೀವು ರೂಪಿಸಿದ ಪುಟ್ಟ ಭಾಷೆಗೆ ಯಂತ್ರಸಂಕೇತವನ್ನು ಹೊರಡಿಸುವ ಕಂಪೈಲರ್ ಬರೆಯಬೇಕೆಂದಿದ್ದರೆ, 1958ರಿಂದ 1962ರವರೆಗೆ ಅಮೆರಿಕದ ಎಂಐಟಿಯಲ್ಲಿ ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಕಟ್ಟಿದ ತಂಡ ಸಾಗಿದ ದಾರಿಯನ್ನೇ ಹಿಡಿಯಿರಿ ಎನ್ನುತ್ತೇನೆ. ಜಾನ್ ಮೆಕಾರ್ಥಿ ಅವರ ತಂಡಕ್ಕೆ ಮೊದಲಿನಿಂದಲೂ ಬೇಕಿದ್ದದ್ದು ಕಂಪೈಲರೇ. ಆದರೆ ಅದು ಬಹಳ ದೊಡ್ಡ ಕೆಲಸವೆಂದು ಅರಿತಿದ್ದ ಅವರು ಫಂಕ್ಷನ್‌ಗಳನ್ನು ಒಂದೊಂದಾಗಿ ಕೈಯಾರೆ ಅಸೆಂಬ್ಲಿಗೆ, ಅಂದರೆ ಯಂತ್ರದ ಆದೇಶಗಳನ್ನು ಚಿಕ್ಕ ಹೆಸರುಗಳಿಂದ ಬರೆಯುವ ಭಾಷೆಗೆ, ಇಳಿಸುವುದರಿಂದ ಆರಂಭಿಸಿದರು.

ನೀವೂ ಮೊದಲು ಅದನ್ನೇ ಮಾಡಿ. ಅವರ ಐಬಿಎಂ 704 ಯಂತ್ರದ 36 ಬಿಟ್‌ಗಳ ಪ್ರತಿಯೊಂದು ಪದದಲ್ಲಿ (ಮೆಮೊರಿಯ ಒಂದು ಖಾನೆಯಲ್ಲಿ) ಅಡ್ರೆಸ್ ಮತ್ತು ಡಿಕ್ರಿಮೆಂಟ್ ಎಂಬ ತಲಾ 15 ಬಿಟ್‌ಗಳ ಎರಡು ಭಾಗಗಳಿದ್ದವು. ಲಿಸ್ಪ್ ಮಾಹಿತಿಯನ್ನು ಪಟ್ಟಿಗಳಾಗಿ ಇಡುತ್ತದೆ; ಪಟ್ಟಿಯ ಮೊದಲ ಅಂಶದ ವಿಳಾಸ ಅಡ್ರೆಸ್ ಭಾಗದಲ್ಲಿ, ಉಳಿದ ಪಟ್ಟಿಯ ವಿಳಾಸ ಡಿಕ್ರಿಮೆಂಟ್ ಭಾಗದಲ್ಲಿ ಇರುತ್ತಿತ್ತು. ಸಿಎಲ್‌ಎ ಆದೇಶದಿಂದ ಪದವನ್ನು ಅಕ್ಯುಮುಲೇಟರ್‌ಗೆ (ಲೆಕ್ಕ ನಡೆಯುವ ರಿಜಿಸ್ಟರ್‌ಗೆ) ತಂದುಕೊಂಡು, ಪಿಎಎಕ್ಸ್ ಆದೇಶದಿಂದ ಅದರ ಅಡ್ರೆಸ್ ಭಾಗವನ್ನು ವಿಳಾಸ ಹಿಡಿದಿಡುವ ಇಂಡೆಕ್ಸ್ ರಿಜಿಸ್ಟರ್‌ಗೆ ಸಾಗಿಸಿದರೆ ಅದೇ ‘ಕಾರ್’, ಅಂದರೆ ಪಟ್ಟಿಯ ಮೊದಲ ಅಂಶವನ್ನು ಕೊಡುವ ಫಂಕ್ಷನ್. ಪಿಎಎಕ್ಸ್ ಬದಲು ಪಿಡಿಎಕ್ಸ್ ಬಳಸಿದರೆ ಉಳಿದ ಪಟ್ಟಿಯನ್ನು ಕೊಡುವ ‘ಕುಡರ್’. ಹೀಗೆ ಹತ್ತು ಫಂಕ್ಷನ್‌ಗಳನ್ನು ಬರೆಯುವಷ್ಟರಲ್ಲಿ ಆರ್ಗ್ಯುಮೆಂಟ್ (ಫಂಕ್ಷನ್‌ಗೆ ಕೊಡುವ ಬೆಲೆ) ಎಲ್ಲಿರಬೇಕು, ಮರಳುವ ವಿಳಾಸವನ್ನು ಯಾರು ಕಾಪಾಡಬೇಕು, ಬೆಲೆಗಳನ್ನು ಒಂದರ ಮೇಲೊಂದು ಪೇರಿಸಿಡುವ ಸ್ಟ್ಯಾಕ್ ಹೇಗೆ ಬೆಳೆಯಬೇಕು ಎಂಬುದೆಲ್ಲ ನಿಮಗೇ ಸ್ಪಷ್ಟವಾಗುತ್ತದೆ. ಈ ಹಂತವನ್ನು ದಯವಿಟ್ಟು ಬಿಡಬೇಡಿ, ಏಕೆಂದರೆ ಕಂಪೈಲರ್ ಮುಂದೆ ಪಾಲಿಸಬೇಕಾದ ನಿಯಮಗಳು ಹುಟ್ಟುವುದು ಇಲ್ಲಿಯೇ.

ಬಳಿಕ ಇಂಟರ್‌ಪ್ರಿಟರ್, ಅಂದರೆ ಪ್ರೋಗ್ರಾಮನ್ನು ಯಂತ್ರಸಂಕೇತಕ್ಕೆ ಇಳಿಸದೆ ನೇರವಾಗಿ ಓಡಿಸುವ ಪ್ರೋಗ್ರಾಂ, ಬರೆಯಿರಿ. ಮೆಕಾರ್ಥಿ ಕೇವಲ ಓದಲೆಂದು ಬರೆದಿದ್ದ, ಲಿಸ್ಪ್‌ನ ಯಾವುದೇ ಉಕ್ತಿಯ ಬೆಲೆಯನ್ನು ಕಂಡುಹಿಡಿಯುವ ‘ಇವಾಲ್’ ಫಂಕ್ಷನ್ನನ್ನು ತಂಡದ ಸ್ಟೀವ್ ರಸೆಲ್ ಯಂತ್ರಸಂಕೇತಕ್ಕೆ ಇಳಿಸಿದಾಗ ಲಿಸ್ಪ್‌ಗೆ ಇಂಟರ್‌ಪ್ರಿಟರ್ ದೊರೆಯಿತು.

ಈಗ ಕಂಪೈಲರನ್ನು ನಿಮ್ಮ ಭಾಷೆಯಲ್ಲಿಯೇ ಬರೆಯಿರಿ. ರಾಬರ್ಟ್ ಬ್ರೇಟನ್ ಅವರ ಮೊದಲಿನ ಕಂಪೈಲರ್ ಅಸೆಂಬ್ಲಿಯಲ್ಲಿತ್ತು. 1962ರಲ್ಲಿ ಟಿಮ್ ಹಾರ್ಟ್ ಮತ್ತು ಮೈಕ್ ಲೆವಿನ್ ತಮ್ಮ ಕಂಪೈಲರನ್ನು ಲಿಸ್ಪ್‌ನಲ್ಲಿಯೇ ಬರೆದು, ಇಂಟರ್‌ಪ್ರಿಟರ್ ಮೇಲೆ ಓಡಿಸಿ, ಅದಕ್ಕೆ ಅದರದೇ ಮೂಲಪಠ್ಯವನ್ನು ಉಣಿಸಿದರು. ಇಂಟರ್‌ಪ್ರಿಟರ್ ಮೇಲಿನ ಈ ಮೊದಲ ಓಟ ನಿಧಾನವಾಗಿರುತ್ತದೆ, ಆದರೆ ಅದನ್ನು ಒಮ್ಮೆ ಸಹಿಸಿದರೆ ಸಾಕು. ಹೀಗೆ ಯಂತ್ರಸಂಕೇತವಾಗಿ ಹೊರಬಂದ ಕಂಪೈಲರ್‌ಗೆ ಅದೇ ಮೂಲಪಠ್ಯವನ್ನು ಮತ್ತೊಮ್ಮೆ ಕೊಟ್ಟು, ಎರಡೂ ಸಲದ ಯಂತ್ರಸಂಕೇತವನ್ನು ಹೋಲಿಸಿ ನೋಡಿ. ಒಂದು ಬೈಟ್ ಬೇರೆಯಾಗಿದ್ದರೂ ಕಾರಣ ಸಿಗುವವರೆಗೆ ಮುಂದುವರಿಯಬೇಡಿ.

ಹೆಚ್ಚಿನ ಎಚ್ಚರ ಬೇಕಾದದ್ದು ಫಂಕ್ಷನ್ನಿನ ಹೊರಗೆ ಬೆಲೆ ಪಡೆದ ವೇರಿಯಬಲ್‌ಗಳ ವಿಷಯದಲ್ಲಿ. ಲಿಸ್ಪ್ 1.5ರ ಇಂಟರ್‌ಪ್ರಿಟರ್ ಅಂಥ ಬೆಲೆಗಳನ್ನು ಹೆಸರಿನ ಮೂಲಕ ಒಂದು ಪಟ್ಟಿಯಲ್ಲಿ ಹುಡುಕುತ್ತಿತ್ತು. ಕಂಪೈಲ್ ಆದ ಸಂಕೇತವಾದರೋ ಬೆಲೆಗಳನ್ನು ಸ್ಟ್ಯಾಕಿನಲ್ಲಿ ಇರಿಸುತ್ತಿದ್ದುದರಿಂದ ಅಲ್ಲಿ ಹೆಸರಿಗೆ ಅಸ್ತಿತ್ವವೇ ಇರಲಿಲ್ಲ. ಅದಕ್ಕಾಗಿಯೇ ಇಂಥ ವೇರಿಯಬಲ್‌ಗಳನ್ನು ‘ಸ್ಪೆಷಲ್’ ಅಥವಾ ‘ಕಾಮನ್’ ಎಂದು ಮೊದಲೇ ಘೋಷಿಸಬೇಕಿತ್ತು. ಹೊರಗಿನ ವೇರಿಯಬಲ್ ಬಳಸುವ ಒಂದು ಚಿಕ್ಕ ಫಂಕ್ಷನ್ನನ್ನು ಇಂಟರ್‌ಪ್ರಿಟರ್‌ನಲ್ಲಿಯೂ ಕಂಪೈಲ್ ಮಾಡಿಯೂ ಓಡಿಸಿ, ಎರಡೂ ಉತ್ತರಗಳು ಒಂದೇ ಆಗಿವೆಯೇ ಎಂದು ಪ್ರತಿ ಬದಲಾವಣೆಯ ನಂತರವೂ ಪರೀಕ್ಷಿಸುತ್ತಿರಿ.