ಹಲ್ಲುಪಟ್ಟಿ ರೈಲಿನ ಮಾದರಿ: ನಾನು ಮಾಡಿದ ಬಗೆ

ನೀಲಗಿರಿ ರೈಲಿನ ಹಬೆ ಎಂಜಿನ್ ಬೆಟ್ಟ ಹತ್ತುವ ಗುಟ್ಟು ಅದರ ಅಡಿಯಲ್ಲಿದೆ. ಹೊರಗೆ ನಿಂತು ನೋಡುವವರಿಗೆ ಅದು ಕಾಣುವುದಿಲ್ಲ. ಅದನ್ನು ತೋರಿಸಬೇಕು ಅಂತಲೇ ಮರ, ಹಿತ್ತಾಳೆ ಸೇರಿಸಿ ಕೈಯಲ್ಲಿ ತಿರುಗಿಸುವ ಮಾದರಿ ಮಾಡಿದೆ.

ಮೊದಲು ಏರು. 1899ರಲ್ಲಿ ಕೂನೂರಿನವರೆಗೆ ತೆರೆದ ಈ ದಾರಿ ಕೆಲವು ಕಡೆ 12 ಅಡಿಗೆ 1 ಅಡಿ ಏರುತ್ತದೆ. 4 ಅಡಿ ಹಲಗೆಯ ಒಂದು ತುದಿಯನ್ನು 4 ಇಂಚು ಎತ್ತಿದರೆ ಅಷ್ಟಾಯಿತು. ಇಷ್ಟೇನಾ ಅನ್ನಿಸುತ್ತದೆ, ಅಲ್ವಾ? ಹಳಿಗೆ ನೀರು ಚಿಮುಕಿಸಿ, ಹಿಂದೆ ತೂಕ ಕಟ್ಟಿ ನೋಡಿ. ನುಣುಪು ಗಾಲಿ ನಿಂತಲ್ಲೇ ಸುತ್ತುತ್ತದೆ.

ಅದಕ್ಕೇ ಹಳಿಗಳ ನಡುವೆ ಹಲ್ಲುಪಟ್ಟಿ, ಅಂದರೆ ಉದ್ದಕ್ಕೂ ಹಲ್ಲುಗಳಿರುವ ಲೋಹದ ಪಟ್ಟಿ. ಎಂಜಿನ್ನಿನ ಅಡಿಯ ಹಲ್ಲುಚಕ್ರ ಅದನ್ನು ಕಚ್ಚಿಕೊಂಡು ಮೇಲೇರುತ್ತದೆ. ಇಲ್ಲಿರುವುದು ಸ್ವಿಸ್ ಎಂಜಿನಿಯರ್ ರೋಮನ್ ಆಬ್ಟ್ ಅವರ ಪದ್ಧತಿ. ಪಟ್ಟಿ ಎರಡು ಸಾಲು. ಒಂದರ ಹಲ್ಲಿನ ಎದುರಿಗೆ ಇನ್ನೊಂದರ ಸಂದು. ಎರಡು ಯಾಕೆ ಬೇಕು ಅಂತ ತಿಳಿಯಲು ಮೊದಲು ಒಂದೇ ಸಾಲು ಕೂರಿಸಿ ಹಿಡಿಕೆ ತಿರುಗಿಸಿದೆ. ಪ್ರತಿ ಹಲ್ಲು ಬಿಡುವಾಗಲೂ ಬೆರಳಿಗೆ ಸಣ್ಣ ಜಗ್ಗು. ಪಕ್ಕದಲ್ಲಿ ಎರಡನೇ ಪಟ್ಟಿಯನ್ನು ಅರ್ಧ ಹಲ್ಲು ಸರಿಸಿ ಕೂರಿಸಿದೆ. ಅದೇ ಅಚ್ಚಿಗೆ ಎರಡನೇ ಹಲ್ಲುಚಕ್ರವನ್ನೂ ಅಷ್ಟೇ ಸರಿಸಿ ಬಿಗಿದೆ. ಜಗ್ಗು ಹೋಯಿತು! ಒಂದು ಹಲ್ಲು ಬಿಡುವ ಹೊತ್ತಿಗೆ ಇನ್ನೊಂದು ಪೂರ್ತಿ ಕಚ್ಚಿರುತ್ತದೆ. ಹಲ್ಲಿನ ಅಂಚುಗಳನ್ನು ಅರದಲ್ಲಿ ಉಜ್ಜಲು ಎಲ್ಲಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು. ಆ ಕೆಲಸದಲ್ಲಿ ಅವಸರ ಬೇಡ.

ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್‌ನಲ್ಲಿ ತಯಾರಾದ ಈ ದಾರಿಯ ಎಕ್ಸ್ ಕ್ಲಾಸ್ ಎಂಬ ಬಗೆಯ ಎಂಜಿನ್ನಿಗೆ ನಾಲ್ಕು ಸಿಲಿಂಡರ್, ಅಂದರೆ ಹಬೆ ಒಳಗೆ ನುಗ್ಗಿ ದಂಡವನ್ನು ತಳ್ಳುವ ಕೊಳವೆ. ಒಂದೊಂದು ಪಕ್ಕಕ್ಕೆ ಎರಡು, ಒಂದರ ಮೇಲೊಂದು. ಕೆಳಗಿನದು ಗಾಲಿಗೆ, ಮೇಲಿನದು ಹಲ್ಲುಚಕ್ರಕ್ಕೆ. ಪಟ್ಟಿ ಇಲ್ಲದ ಕಡೆ ಮೇಲಿನವು ಸುಮ್ನೆ ಇರುತ್ತವೆ. ಬೆಟ್ಟದ ಬುಡದ ಕಲ್ಲಾರು ದಾಟಿ ಪಟ್ಟಿ ಹಿಡಿದ ಮೇಲೆ, ಕೆಳಗೆ ಒಮ್ಮೆ ದುಡಿದ ಹಬೆಯೇ ಮೇಲಿನ ಸಿಲಿಂಡರಿಗೆ ಹೋಗಿ ಇನ್ನೊಮ್ಮೆ ದುಡಿಯುತ್ತದೆ. ಈ ಎಂಜಿನ್ನಿನಲ್ಲಿ ನನಗೆ ತುಂಬಾ ಇಷ್ಟವಾಗುವುದೇ ಈ ಜಾಣತನ. ನನ್ನ ಮಾದರಿಯಲ್ಲಿ ಹಬೆಯಿಲ್ಲ. ಹಾಗಾಗಿ ಗಾಲಿಗೊಂದು, ಹಲ್ಲುಚಕ್ರಕ್ಕೊಂದು ಬೇರೆ ಬೇರೆ ಹಿಡಿಕೆ ಇಟ್ಟೆ.

ಏರಿನಲ್ಲಿ ಎಂಜಿನ್ ಓರೆಯಾದಾಗ ಬಾಯ್ಲರಿನಲ್ಲಿ, ಅಂದರೆ ಹಬೆಗಾಗಿ ನೀರು ಕಾಯಿಸುವ ತೊಟ್ಟಿಯಲ್ಲಿ, ಏನಾಗುತ್ತದೆ ಅಂತ ತೋರಿಸಲು ಒಂದು ಗಾಜಿನ ಬಾಟಲಿ ಸಾಕು. ಅರ್ಧ ನೀರು ತುಂಬಿ, ಮಲಗಿಸಿ, ಒಂದು ಕಡೆ ಎತ್ತಿ. ನೀರೆಲ್ಲ ಕೆಳತುದಿಗೆ ಸೇರಿ ಮೇಲ್ತುದಿ ಬರಿದಾಗುತ್ತದೆ. ನಿಜವಾದ ಬಾಯ್ಲರಿನಲ್ಲಿ ಬೆಂಕಿಗೂಡಿನ ಮೇಲಿನ ತಗಡು ಹೀಗೆ ಬರಿದಾದರೆ ಕಾದು ಮೆತ್ತಗಾಗುತ್ತದೆ. ಅದು ದೊಡ್ಡ ಅಪಾಯ. 1871ರಲ್ಲಿ ಶುರುವಾದ ಸ್ವಿಟ್ಜರ್ಲೆಂಡಿನ ರಿಗಿ ಬೆಟ್ಟದ ರೈಲಿನ ಏರು ಕೆಲವು ಕಡೆ 4 ಅಡಿಗೆ 1 ಅಡಿ. ಅದಕ್ಕೇ ಎಂಜಿನಿಯರ್ ನಿಕ್ಲಾಸ್ ರಿಗೆನ್‌ಬಾಖ್ ಅಲ್ಲಿನ ಮೊದಲ ಎಂಜಿನ್‌ಗಳಿಗೆ ಬಾಯ್ಲರನ್ನು ನಿಲ್ಲಿಸಿಯೇ ಕೂರಿಸಿದರು.

ನೀವೂ ಮಾಡುವುದಾದರೆ ಹಲ್ಲುಚಕ್ರ ಮೊದಲು ಕೊಳ್ಳಿ. ಪಟ್ಟಿಯ ಹಲ್ಲಿನ ಅಳತೆಯನ್ನು ಅದರಿಂದಲೇ ತೆಗೆದುಕೊಳ್ಳಿ.