“ಬ್ಯಾಕಪ್ ಇದೆ ಮೇಷ್ಟ್ರೇ” ಅಂದಿದ್ದೆ

2024ರ ಮೇ ತಿಂಗಳು. ಮಳೆಗಾಲ ಶುರುವಾಗುವ ಮುಂಚೆ ನಮ್ಮ ಸಾಗರದ ಕಡೆ ಗುಡುಗು ಸಿಡಿಲು ಹೇಗಿರುತ್ತದೆ ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಸಂಜೆ ಮೋಡ ಕಟ್ಟಿದ ಕೂಡಲೇ ಕಂಪ್ಯೂಟರಿನ ಪ್ಲಗ್ ಕಿತ್ತಿಡುವುದು ನನ್ನ ಅಭ್ಯಾಸ. ಅವತ್ತು ಒಂದು ಲಗ್ನಪತ್ರಿಕೆ ಅರ್ಜೆಂಟ್ ಇತ್ತು, ಕಿತ್ತಿರಲಿಲ್ಲ. ಚಟ್ ಅಂತ ಒಂದು ಸದ್ದು, ಆಮೇಲೆ ಸುಟ್ಟ ವಾಸನೆ. 2010ರಲ್ಲಿ ಜೋಡಿಸಿಕೊಂಡಿದ್ದ ಡೆಸ್ಕ್‌ಟಾಪ್ ಮತ್ತೆ ಏಳಲಿಲ್ಲ. ಕರೆಂಟ್ ಕೊಡುವ ಎಸ್‌ಎಂಪಿಎಸ್ ಜೊತೆ ಮದರ್‌ಬೋರ್ಡೂ ಹೋಗಿದೆ, ಇಷ್ಟು ಹಳೇ ಬೋರ್ಡು ಹುಡುಕೋದು ದಂಡ ಅಂದರು ರಿಪೇರಿಯವರು.

ನಾನು ಡಿಟಿಪಿ ಕೆಲಸ ಮಾಡುವವನು. ಲಗ್ನಪತ್ರಿಕೆ, ಬಿಲ್ ಬುಕ್ಕು, ಶಾಲೆಗಳ ಸ್ಮರಣ ಸಂಚಿಕೆ, ವರ್ಷಕ್ಕೆ ನಾಲ್ಕೈದು ಪುಸ್ತಕ. ನಮ್ಮ ಕಸುಬಿನಲ್ಲಿ ಹಳೇ ಫೈಲೇ ಬಂಡವಾಳ. “ದೊಡ್ಡ ಮಗಳ ಪತ್ರಿಕೆ ಹ್ಯಾಗಿತ್ತೋ ಹಾಗೇ ಇರ್ಲಿ, ಹೆಸರು ತಾರೀಕು ಬದಲಾಯಿಸಿ ಕೊಡಿ” ಅಂತ ಎಂಟು ವರ್ಷ ಬಿಟ್ಟು ಬರುವವರಿದ್ದಾರೆ. ಅದಕ್ಕೇ 2013ರಿಂದ 1 ಟಿಬಿಯ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಸಿಕ್ಕಿಸಿ, ಪ್ರತಿ ಭಾನುವಾರ ತಾನಾಗಿ ಬ್ಯಾಕಪ್ ಆಗುವ ಹಾಗೆ ಇಟ್ಟಿದ್ದೆ. ಹಾಗಾಗಿ ಸಿಸ್ಟಂ ಸುಟ್ಟರೂ ನಾನು ಆರಾಮಾಗಿದ್ದೆ.

ಅದೇ ವಾರ ನಮ್ಮ ಮೇಷ್ಟ್ರು ಬಂದರು. 2012ರಲ್ಲಿ ಅವರ ಪುಸ್ತಕ ಮಾಡಿಕೊಟ್ಟಿದ್ದೆ. ಡೆಮಿ 1/8, 176 ಪುಟ, ಹದಿನಾರು ಪುಟಕ್ಕೊಂದು ಫಾರಂ ಅಂತ ಸರಿಯಾಗಿ ಹನ್ನೊಂದು ಫಾರಂ. ಈಗ ಎರಡನೇ ಮುದ್ರಣ ಮಾಡಬೇಕಂತೆ. ಸುಟ್ಟ ಡಬ್ಬ ನೋಡಿ ಅವರ ಮುಖ ಸಣ್ಣದಾಯಿತು.

“ನನ್ನ ಪುಸ್ತಕ ಹೋಯ್ತೇನಯ್ಯಾ?”

“ಇಲ್ಲ ಮೇಷ್ಟ್ರೇ, ಬ್ಯಾಕಪ್ ಇದೆ. ಹೊಸ ಲ್ಯಾಪ್‌ಟಾಪ್ ಬಂದ ಮಾರನೇ ದಿನ ಕೊಡ್ತೀನಿ” ಅಂದೆ. ಹನ್ನೊಂದು ವರ್ಷದಲ್ಲಿ ಆ ಬ್ಯಾಕಪ್ಪನ್ನು ಒಂದು ಸಲವೂ ತೆರೆದು ನೋಡಿರಲಿಲ್ಲ ಅಂತ ಅವರಿಗೆ ಹೇಳಲಿಲ್ಲ. ಹೇಳಬೇಕು ಅಂತ ನನಗೂ ಹೊಳೆಯಲಿಲ್ಲ.

ಲ್ಯಾಪ್‌ಟಾಪ್ ಬಂತು. ವಿಂಡೋಸ್ 11, 512 ಜಿಬಿ ಎಸ್‌ಎಸ್‌ಡಿ, ಸಿಡಿ ಡ್ರೈವ್ ಇಲ್ಲ. ಎಕ್ಸ್‌ಟರ್ನಲ್ ಡಿಸ್ಕ್ ಸಿಕ್ಕಿಸಿದೆ. ಹಳೇ ಕಂಪ್ಯೂಟರಿನ ಹೆಸರಿನದೇ ಒಂದು ಫೋಲ್ಡರ್ ಇತ್ತು. ಅದರೊಳಗೆ ತಾರೀಕಿನ ಮೇಲೆ ತಾರೀಕಿನ ಫೋಲ್ಡರುಗಳು, ಅವುಗಳೊಳಗೆ ಬರೀ ಜಿಪ್ ಫೈಲುಗಳು. ಬ್ಯಾಕಪ್ ಫೈಲ್ಸ್ 1, ಬ್ಯಾಕಪ್ ಫೈಲ್ಸ್ 2, ಹೀಗೆ. ಕೈಯಿಂದಲೇ ಒಂದೊಂದಾಗಿ ಬಿಚ್ಚೋಣ ಅಂತ ಕೂತೆ. ಅದು ಮೂರ್ಖತನ. ಒಂದೇ ಫೈಲಿನ ಹಳೇ ರೂಪ ಒಂದು ತಾರೀಕಿನಲ್ಲಿ, ತಿದ್ದಿದ ರೂಪ ಇನ್ನೊಂದರಲ್ಲಿ. ಯಾವುದು ಕೊನೆಯದು ಅಂತ ಗೊತ್ತಾಗುವುದೇ ಇಲ್ಲ.

ಸರಿಯಾದ ದಾರಿ ಕಂಟ್ರೋಲ್ ಪ್ಯಾನೆಲ್‌ನಲ್ಲಿದೆ. ನನ್ನ ಹಳೇ ಸಿಸ್ಟಂನಲ್ಲಿದ್ದದ್ದು ವಿಂಡೋಸ್ 7. ಅದರ ಬೆಂಬಲ 2020ರ ಜನವರಿಯಲ್ಲೇ ನಿಂತಿದ್ದರೂ, ಅದರ ಬ್ಯಾಕಪ್ ಅಂಡ್ ರಿಸ್ಟೋರ್ ಅನ್ನೋದು ಅದೇ ಹಳೇ ಹೆಸರಲ್ಲಿ ವಿಂಡೋಸ್ 11ರ ಒಳಗೂ ಕೂತಿದೆ. ಅದರಲ್ಲಿ ಬೇರೆ ಬ್ಯಾಕಪ್ ಆರಿಸಿಕೊಳ್ಳುವ ಆಯ್ಕೆ ಇದೆ. ಡಿಸ್ಕ್ ತೋರಿಸಿದರೆ ತಾನೇ ಲೆಕ್ಕ ಹಾಕಿ ಪ್ರತಿ ಫೈಲಿನ ಕೊನೆಯ ರೂಪ ತೆಗೆದುಕೊಡುತ್ತದೆ. ಎಲ್ಲಿಗೆ ಹಾಕಲಿ ಅಂತ ಕೇಳಿದಾಗ ಮಾತ್ರ ಹುಷಾರು. ಮೂಲ ಜಾಗಕ್ಕೇ ಅಂತ ಒತ್ತಬೇಡಿ, ಹೊಸ ಮಷೀನಿನಲ್ಲಿ ಆ ಜಾಗವೇ ಇರುವುದಿಲ್ಲ. ಬೇರೆ ಫೋಲ್ಡರ್ ಕೊಟ್ಟು, ಒಳ ಫೋಲ್ಡರುಗಳು ಮೊದಲಿನ ಹಾಗೇ ಇರಲಿ ಅನ್ನುವುದಕ್ಕೆ ಟಿಕ್ ಹಾಕಿ.

ನಾನು ಆ ಬೇರೆ ಫೋಲ್ಡರನ್ನು ಡೆಸ್ಕ್‌ಟಾಪ್ ಮೇಲೆ ಮಾಡಿದೆ. ಕಣ್ಣೆದುರಿಗೆ ಇರಲಿ ಅಂತ. ಹೊಸ ಲ್ಯಾಪ್‌ಟಾಪಿನ ಡೆಸ್ಕ್‌ಟಾಪ್ ಸುಮ್ನೆ ಡೆಸ್ಕ್‌ಟಾಪ್ ಅಲ್ಲ, ಅದು ಕ್ಲೌಡಿಗೆ ಜೋಡಿಸಿದ್ದು ಅಂತ ಆಗ ಗೊತ್ತಿರಲಿಲ್ಲ. ಅತ್ತ ಫೈಲು ಬರುತ್ತಿದ್ದ ಹಾಗೇ ಇತ್ತ ಇಂಟರ್ನೆಟ್ಟಿಗೆ ಏರತೊಡಗಿತು. ಪುಕ್ಕಟೆ ಜಾಗ ಇದ್ದದ್ದು 5 ಜಿಬಿ, ನಾನು ತರುತ್ತಿದ್ದದ್ದು 38 ಜಿಬಿ. ಸ್ವಲ್ಪ ಹೊತ್ತಿಗೆ ಮೊಬೈಲ್ ಹಾಟ್‌ಸ್ಪಾಟಿನ ಆ ದಿನದ ಡೇಟಾ ಖಾಲಿ. ಸಿಂಕ್ ನಿಲ್ಲಿಸಿ, ಸಿ ಡ್ರೈವಿನಲ್ಲೇ ‘ಹಳೇದು’ ಅಂತ ಬೇರೆ ಫೋಲ್ಡರ್ ಮಾಡಿ ಅಲ್ಲಿಗೆ ಹಾಕಿಕೊಂಡೆ.

ಎಲ್ಲ ಬಂತು. ಡಾಕ್ಯುಮೆಂಟ್ಸ್ ಇತ್ತು, ಫೋಟೋಗಳಿದ್ದವು, ಮಗಳ ಪ್ರಾಜೆಕ್ಟ್ ವರ್ಕ್ ಇತ್ತು. ಡಿ ಡ್ರೈವ್ ಇರಲಿಲ್ಲ.

ಡಿ ಡ್ರೈವ್ ಅಂದರೆ ನನ್ನ ಇಡೀ ಅಂಗಡಿ. ಡಿಟಿಪಿಯವರೆಲ್ಲ ಹೀಗೇ ಮಾಡುತ್ತಿದ್ದೆವು. ಸಿ ಡ್ರೈವ್ ಯಾವಾಗ ಬೇಕಾದರೂ ಫಾರ್ಮ್ಯಾಟ್ ಆಗಬಹುದು, ಕೆಲಸದ ಫೈಲು ಡಿಯಲ್ಲಿರಲಿ ಅಂತ. 2013ರಲ್ಲಿ ಬ್ಯಾಕಪ್ ಹೊಂದಿಸುವಾಗ, ಏನೇನು ತೆಗೆದಿಡಬೇಕು ಅಂತ ಅದು ಕೇಳಿತ್ತು. “ವಿಂಡೋಸೇ ಆರಿಸಲಿ” ಅನ್ನುವುದರ ಮೇಲೆ ಒತ್ತಿ ಎದ್ದು ಹೋಗಿದ್ದೆ. ಹಾಗೆ ಬಿಟ್ಟರೆ ಅದು ತೆಗೆದಿಡುವುದು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಥರದ ಫೋಲ್ಡರುಗಳನ್ನು. ಜಾಗ ಇದ್ದರೆ ವಿಂಡೋಸ್ ಇರುವ ಡ್ರೈವಿನ ಒಂದು ಪೂರ್ತಿ ಇಮೇಜನ್ನೂ, ಅಂದರೆ ಪಡಿಯಚ್ಚನ್ನೂ ಇಡುತ್ತದೆ. ಡಿ ಡ್ರೈವಿನಲ್ಲಿ ನಾನೇ ಮಾಡಿಕೊಂಡ ಫೋಲ್ಡರ್ ಅದರ ಲೆಕ್ಕಕ್ಕೇ ಬರುವುದಿಲ್ಲ. ಕೇಳಿದಾಗ ಹೇಳದೇ ಹೋದವನು ನಾನೇ, ಬೈಯುವುದಾದರೂ ಯಾರಿಗೆ? ಹನ್ನೊಂದು ವರ್ಷ ವಾರಕ್ಕೊಮ್ಮೆ ಹಸಿರು ಗುರುತು ಬರುತ್ತಿತ್ತು, ಬ್ಯಾಕಪ್ ಯಶಸ್ವಿ ಅಂತ. ಅದೂ ಸುಳ್ಳೇನಲ್ಲ ಬಿಡಿ.

ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಹೊಳೆಯಿತು. ಸುಟ್ಟದ್ದು ಬೋರ್ಡು, ಎಸ್‌ಎಂಪಿಎಸ್. ಹಾರ್ಡ್‌ಡಿಸ್ಕ್ ಹೋಗಿದೆ ಅಂತ ಯಾರೂ ಹೇಳಿಲ್ಲವಲ್ಲ.

ಡಬ್ಬ ಬಿಚ್ಚಿ ನಾಲ್ಕು ಸ್ಕ್ರೂ ತೆಗೆದೆ. ಡಿಸ್ಕ್ ಕೈಗೆ ಬಂತು, ಮೇಲೆ ಹದಿನಾಲ್ಕು ವರ್ಷದ ಧೂಳು. ಅಂಗಡಿಯಿಂದ ಹಾರ್ಡ್‌ಡಿಸ್ಕನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸುವ ಒಂದು ಸಾಟಾ ಟು ಯುಎಸ್‌ಬಿ ಕೇಬಲ್ ತಂದು ಜೋಡಿಸಿದೆ. ಏನೂ ಆಗಲಿಲ್ಲ. ಕಿವಿ ಹಚ್ಚಿದರೆ ತಿರುಗುವ ಸದ್ದೇ ಇಲ್ಲ. ಎದೆ ಧಸಕ್ ಅಂತು. ತಪ್ಪು ಡಿಸ್ಕಿನದಲ್ಲ, ಕೇಬಲ್ಲಿನದು. ಲ್ಯಾಪ್‌ಟಾಪಿನ ಎರಡೂವರೆ ಇಂಚಿನ ಡಿಸ್ಕಿಗೆ ಯುಎಸ್‌ಬಿಯ 5 ವೋಲ್ಟ್ ಸಾಕು. ಡೆಸ್ಕ್‌ಟಾಪಿನ ಮೂರೂವರೆ ಇಂಚಿನದಕ್ಕೆ 12 ವೋಲ್ಟ್ ಬೇರೆ ಬೇಕು. ಗೋಡೆಗೆ ಚುಚ್ಚುವ ಅಡಾಪ್ಟರ್ ಜೊತೆ ಬರುವ, ಡಿಸ್ಕ್ ಕೂರಿಸುವ ಡಾಕ್ ತರಿಸಿದೆ. ಈ ಸಲ ಡಿಸ್ಕ್ ಗುಂಯ್ ಅಂತ ತಿರುಗಿತು. ಪರದೆಯ ಮೇಲೆ ಎರಡು ಡ್ರೈವ್ ಬಂದವು. ಅಕ್ಷರ ಮಾತ್ರ ಬೇರೆ, ಹಳೇ ಸಿ ಈಗ ಇ, ಹಳೇ ಡಿ ಈಗ ಎಫ್.

ಇಲ್ಲಿ ಒಂದು ಮಾತು. ಇಂಥ ಡಿಸ್ಕನ್ನು ಸಿಕ್ಕಿಸಿಕೊಂಡು ಫೈಲುಗಳನ್ನು ತೆರೆದು ತೆರೆದು ನೋಡುತ್ತಾ ಕೂರಬೇಡಿ. ಅದು ಎಷ್ಟು ಹೊತ್ತು ಬದುಕಿರುತ್ತದೋ ಯಾರಿಗೆ ಗೊತ್ತು. ಮೊದಲು ಅಷ್ಟನ್ನೂ ಈಚೆ ತೆಗೆಯಿರಿ, ನೋಡುವುದು ಆಮೇಲೆ.

ಕಾಪಿ ಪೇಸ್ಟ್ ಮಾಡಿದೆ. 164 ಜಿಬಿ. ಸ್ವಲ್ಪ ದೂರ ಹೋಗಿ ಒಂದು ಫೋಟೋದ ಹತ್ತಿರ ನಿಂತು ಏನೋ ಎರರ್ ತೋರಿಸಿತು. ಎಲ್ಲಿಯವರೆಗೆ ಬಂದಿದೆ, ಎಲ್ಲಿಂದ ಶುರು ಮಾಡಬೇಕು, ಒಂದೂ ತಿಳಿಯದು. ಹಾಗಾಗಿ ರೋಬೋಕಾಪಿಗೆ ಹೋದೆ. ಇದು ವಿಂಡೋಸ್ ಜೊತೆಗೇ ಬರುವ ಕಮಾಂಡ್. ಕಪ್ಪು ಪರದೆ ನೋಡಿ ಹೆದರಬೇಕಿಲ್ಲ. ಎಲ್ಲಿಂದ, ಎಲ್ಲಿಗೆ ಅಂತ ಬರೆದು, ಖಾಲಿ ಫೋಲ್ಡರ್ ಸಮೇತ ಎಲ್ಲ ಬರಲಿ ಅನ್ನುವುದಕ್ಕೆ ಸ್ಲ್ಯಾಷ್ ಇ ಹಾಕಿದರೆ ಆಯಿತು. ಮಧ್ಯೆ ನಿಂತರೂ ಅದೇ ಕಮಾಂಡ್ ಮತ್ತೆ ಕೊಟ್ಟರೆ ಬಂದಿರುವುದನ್ನು ಬಿಟ್ಟು ಮುಂದಕ್ಕೆ ಹೋಗುತ್ತದೆ.

ಅದಕ್ಕೊಂದು ಹಟ ಇದೆ. ಓದಲು ಬಾರದ ಫೈಲು ಸಿಕ್ಕಿದರೆ 30 ಸೆಕೆಂಡ್ ಕಾದು ಮತ್ತೆ ಪ್ರಯತ್ನಿಸುತ್ತದೆ. ಎಷ್ಟು ಸಲ? ನಾವು ಏನೂ ಹೇಳದಿದ್ದರೆ ಹತ್ತು ಲಕ್ಷ ಸಲ. ಲೆಕ್ಕ ಹಾಕಿ ನೋಡಿದೆ, ಒಂದು ಕೆಟ್ಟ ಫೋಟೋಗೆ 347 ದಿನ. ಹಾಗಾಗಿ ಸ್ಲ್ಯಾಷ್ ಆರ್ ಕೋಲನ್ 1, ಸ್ಲ್ಯಾಷ್ ಡಬ್ಲ್ಯೂ ಕೋಲನ್ 1 ಅಂತ ಸೇರಿಸಲೇಬೇಕು. ಒಂದೇ ಸಲ ಮತ್ತೆ ನೋಡು, ಒಂದೇ ಸೆಕೆಂಡ್ ಕಾಯಿ ಅಂತ. ಲಾಗ್ ಫೈಲ್ ಕೂಡ ಬರೆಸಿ, ಯಾವುದು ಬರಲಿಲ್ಲ ಅಂತ ಆಮೇಲೆ ಗೊತ್ತಾಗುತ್ತದೆ. ಇನ್ನು ಸ್ಲ್ಯಾಷ್ ಮಿರ್ ಅಂತ ಒಂದಿದೆ, ಅದರ ಸಹವಾಸ ಬೇಡ. ಮೂಲದಲ್ಲಿ ಇಲ್ಲದ್ದನ್ನೆಲ್ಲ ಈ ಕಡೆ ಅಳಿಸಿಹಾಕುತ್ತದೆ.

ಐದು ಗಂಟೆ ಹಿಡಿಯಿತು. ದೊಡ್ಡ ಫೈಲುಗಳು ಬೇಗ ಬಂದವು, ಸಾವಿರಾರು ಸಣ್ಣ ಸಣ್ಣ ಕ್ಲಿಪ್ ಆರ್ಟುಗಳೇ ಹೊತ್ತು ತಿಂದದ್ದು. ಗಣಪತಿ ಚಿತ್ರಗಳೇ ನನ್ನ ಹತ್ತಿರ ನಾನ್ನೂರು ಚಿಲ್ಲರೆ ಇವೆ, ಅಲ್ವಾ, ಲಗ್ನಪತ್ರಿಕೆಯವನಿಗೆ ಬೇಕಾಗುತ್ತದೆ. ಕೊನೆಗೆ ಎರಡೂ ಕಡೆ ಪ್ರಾಪರ್ಟೀಸ್ ತೆರೆದು ಫೈಲುಗಳ ಲೆಕ್ಕ ತಾಳೆ ನೋಡಿದೆ. ಮೂರು ಕಡಿಮೆ. ಲಾಗ್‌ನಲ್ಲಿ ನೋಡಿದರೆ ಮೂರೂ ಒಂದೇ ಸ್ಮರಣ ಸಂಚಿಕೆಯ ಫೋಟೋಗಳು. ಹೋಗಲಿ ಅಂದುಕೊಂಡೆ.

ಮೇಷ್ಟ್ರ ಫೋಲ್ಡರ್ ಇತ್ತು! ಒಳಗೆ ವರ್ಡ್ ಫೈಲು, ಪುಟ ಜೋಡಿಸುವ ಪೇಜ್‌ಮೇಕರಿನ ಫೈಲು. ವರ್ಡ್ ಫೈಲ್ ಮೇಲೆ ಎರಡು ಸಲ ಒತ್ತಿದೆ. ಪರದೆ ತುಂಬ ಕಸ.

ಕನ್ನಡದಲ್ಲಿ ಟೈಪ್ ಮಾಡುತ್ತಿದ್ದ ನಮ್ಮ ತಲೆಮಾರಿಗೆ ಈ ಕಸ ಪರಿಚಯದ್ದೇ. ‘ಕನ್ನಡ’ ಅಂತ ಇರಬೇಕಾದ ಜಾಗದಲ್ಲಿ ಇಂಗ್ಲಿಷಿನ ಪಿ, ತಲೆ ಮೇಲೆ ಗೀಟು ಇರುವ ಎ, ಆಮೇಲೆ ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಅದೇ ಎ. ಫೈಲು ಕೆಟ್ಟಿಲ್ಲ. ನುಡಿ, ಬರಹ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರುಗಳ ಹಳೇ ಫಾಂಟುಗಳಲ್ಲಿ ಕಂಪ್ಯೂಟರ್ ಇಟ್ಟುಕೊಂಡಿರುವುದೇ ಆ ಇಂಗ್ಲಿಷ್ ಅಕ್ಷರಗಳನ್ನು, ಫಾಂಟ್ ಅವುಗಳ ಮೇಲೆ ಕನ್ನಡದ ರೂಪ ಹೊದಿಸುತ್ತದೆ ಅಷ್ಟೇ. ಪಿ ಮತ್ತು ಎ ಸೇರಿದರೆ ಕಣ್ಣಿಗೆ ಕ. ಫಾಂಟ್ ಇಲ್ಲದ ಮಷೀನಿನಲ್ಲಿ ಹೊದಿಕೆ ಜಾರುತ್ತದೆ. ವಿಂಡೋಸ್ ಫೋಲ್ಡರಿನ ಒಳಗಿರುವ ಫಾಂಟುಗಳು ಬ್ಯಾಕಪ್ಪಿನಲ್ಲಿ ಫೈಲುಗಳ ಜೊತೆ ಬರುವುದಿಲ್ಲ. ಪುಣ್ಯಕ್ಕೆ ಹಳೇ ಡಿಸ್ಕೇ ಇತ್ತಲ್ಲ. ಅದರ ಫಾಂಟ್ಸ್ ಫೋಲ್ಡರಿನಿಂದ ನುಡಿ ಹೆಸರಿನವನ್ನೆಲ್ಲ ತಂದು ಹಾಕಿದೆ. ವರ್ಡ್ ಮುಚ್ಚಿ ತೆರೆದೆ. ಮೇಷ್ಟ್ರ ಮುನ್ನುಡಿ ಬಂತು.

ಖುಷಿ ಎರಡು ಪುಟದವರೆಗೆ. ಮೂರನೇ ಪುಟದಲ್ಲಿ ತಪ್ಪು, ನಾಲ್ಕರಲ್ಲಿ ಐದು ತಪ್ಪು. ಆಗ ನೆನಪಾಯಿತು. ವರ್ಡ್‌ನಲ್ಲಿರುವುದು ಮೊದಲ ಸಲ ಟೈಪ್ ಮಾಡಿದ್ದು. ಮೇಷ್ಟ್ರು ಮೂರು ಪ್ರೂಫ್ ನೋಡಿದ್ದರು, ಆ ತಿದ್ದುಪಡಿಗಳನ್ನೆಲ್ಲ ಹಾಕಿದ್ದು ಪೇಜ್‌ಮೇಕರಿನಲ್ಲಿ. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ, ಅದೇ ಕೊನೆಯದು. ಅದರ ಜಾಗಕ್ಕೆ ಬಂದ ಇನ್‌ಡಿಸೈನ್‌ನ ಈಗಿನ ರೂಪ ಆ ಫೈಲುಗಳನ್ನು ತೆರೆಯುವುದಿಲ್ಲ. ಸಿಎಸ್6ವರೆಗಿನ ಹಳೇ ಇನ್‌ಡಿಸೈನ್ ತೆರೆಯುತ್ತದೆ. ಶಿವಮೊಗ್ಗದ ಪ್ರೆಸ್ಸಿನ ಗೆಳೆಯನೊಬ್ಬ ಅದಿರುವ ಸಿಸ್ಟಂ ಒಂದನ್ನು ಇನ್ನೂ ಇಟ್ಟುಕೊಂಡಿದ್ದಾನೆ. ಪೆನ್‌ಡ್ರೈವ್ ಹಿಡಿದು ಬಸ್ ಹತ್ತಿದೆ. ಅವನು ಟೀ ತರಿಸುವಷ್ಟರಲ್ಲಿ ಫೈಲ್ ತೆರೆದಿತ್ತು. ನೋಡಲು ಒಂದು ಪಿಡಿಎಫ್, ವರ್ಡ್‌ನಲ್ಲಿ ತೆರೆದು ತಿದ್ದಲು ಒಂದು ಆರ್‌ಟಿಎಫ್ ಮಾಡಿಸಿಕೊಂಡು ಬಂದೆ.

ಇನ್ನು ಅದನ್ನು ಯುನಿಕೋಡ್ ಮಾಡಬೇಕು, ಅಂದರೆ ಇಂಗ್ಲಿಷ್ ಅಕ್ಷರಗಳ ಬದಲು ಕನ್ನಡ ಅಕ್ಷರಗಳನ್ನೇ ಇಡುವ ಪದ್ಧತಿಗೆ ತರಬೇಕು. ಕನ್ವರ್ಟರ್ ಎರಡೇ ನಿಮಿಷದಲ್ಲಿ ಮುಗಿಸಿತು, ಉಳಿದದ್ದನ್ನು ಮುಗಿಸಲು ನನಗೆ ನಾಲ್ಕು ದಿನ ಬೇಕಾಯಿತು. ಹಳೇ ಪದ್ಧತಿಯಲ್ಲಿ ಅರ್ಕಾವತ್ತು ಕಣ್ಣಿಗೆ ಕಂಡ ಜಾಗದಲ್ಲೇ ಕೂರುತ್ತದೆ. ‘ಕರ್ನಾಟಕ’ ಅಂದರೆ ಕ, ನಾ, ಅದರ ಬಲಕ್ಕೆ ಅರ್ಕಾವತ್ತು, ಆಮೇಲೆ ಟ, ಕ. ಯುನಿಕೋಡಿನಲ್ಲಿ ರ್ ಮೊದಲು ಬರಬೇಕು, ನಾ ಆಮೇಲೆ. ಕನ್ವರ್ಟರ್ ಈ ಅದಲುಬದಲು ಮಾಡುತ್ತದೆ. ಆದರೆ ಸಾಲು ಹೊಂದಿಸಲು ನಾನು ಮಧ್ಯೆ ಎಲ್ಲಾದರೂ ಸ್ಪೇಸ್ ಹಾಕಿದ್ದರೆ ಅಲ್ಲಿ ಎಡವುತ್ತದೆ. ಸಾಲಿನ ಕೊನೆಯಲ್ಲಿ ಪದ ಒಡೆಯಲು ಕೈಯಿಂದ ಹಾಕಿದ ಅಡ್ಡಗೆರೆಗಳು ಬೇರೆ. ಹೊಸ ಫಾಂಟಿನಲ್ಲಿ ಸಾಲುಗಳು ಜರುಗಿ, ಅವೆಲ್ಲ ‘ಸಂಪ್ರ-ದಾಯ’ ಅಂತ ಸಾಲಿನ ನಡುವೆ ಬಂದು ನಿಂತಿದ್ದವು. ಇಂಗ್ಲಿಷಿನಲ್ಲಿದ್ದ ಪುಸ್ತಕಗಳ ಹೆಸರುಗಳನ್ನೂ ಕನ್ವರ್ಟರ್ ಬಿಡಲಿಲ್ಲ, ಯಾವುದೋ ಭಾಷೆಯ ಮಂತ್ರದ ಥರ ಮಾಡಿಟ್ಟಿತ್ತು. ಅವನ್ನು ಪಿಡಿಎಫ್ ನೋಡಿಕೊಂಡು ಮತ್ತೆ ಟೈಪ್ ಮಾಡಿದೆ. ಒಂದು ಲಾಭ ಅಂದರೆ ಈಗ ಹುಡುಕಿದರೆ ಸಿಗುತ್ತದೆ. ಮೊದಲು ಹದಿನಾಲ್ಕು ವರ್ಷದ ಕೆಲಸದಲ್ಲಿ ಒಂದು ಕನ್ನಡ ಪದ ಹುಡುಕಬೇಕಾದರೆ ಫೈಲಿನ ಹೆಸರನ್ನೇ ನಂಬಬೇಕಿತ್ತು. ಫೈಲಿನ ಹೆಸರುಗಳೋ, ‘ಮದುವೆ ಫೈನಲ್’, ‘ಮದುವೆ ಫೈನಲ್ 2’, ‘ಮದುವೆ ನಿಜವಾದ ಫೈನಲ್’.

ಎಲ್ಲವನ್ನೂ ಹೀಗೆ ಬದಲಾಯಿಸಲು ಹೋಗಿಲ್ಲ. ಕೇಳಿ ಬಂದವರದ್ದನ್ನು ಮಾತ್ರ ಮಾಡುತ್ತೇನೆ, ಉಳಿದದ್ದು ನುಡಿ ಫಾಂಟುಗಳ ಜೊತೆ ಒಂದೇ ಫೋಲ್ಡರಿನಲ್ಲಿ ಇದೆ. ಎಕ್ಸ್‌ಟರ್ನಲ್ ಡಿಸ್ಕಿಗೆ ಈಗ ಜಿಪ್ಪೂ ಇಲ್ಲ, ಗಿಪ್ಪೂ ಇಲ್ಲ. ರೋಬೋಕಾಪಿಯಲ್ಲಿ ಫೈಲುಗಳನ್ನು ಇದ್ದ ಹಾಗೇ ಹಾಕುತ್ತೇನೆ. ತಿಂಗಳಿಗೊಮ್ಮೆ ಮಗಳ ಲ್ಯಾಪ್‌ಟಾಪಿಗೆ ಅದನ್ನು ಸಿಕ್ಕಿಸಿ, ಕಣ್ಣಿಗೆ ಬಿದ್ದ ಹತ್ತು ಫೈಲು ತೆರೆದು ನೋಡುತ್ತೇನೆ. ಅವಳು ನಗುತ್ತಾಳೆ.

ಮಾರನೇ ದಿನ ಕೊಡ್ತೀನಿ ಅಂದಿದ್ದು ಮೂರು ವಾರ ಆಯಿತು. ಮೇಷ್ಟ್ರು ಪ್ರೂಫ್ ನೋಡಲು ಬಂದು, 2012ರ ಪ್ರತಿ ಪಕ್ಕದಲ್ಲಿಟ್ಟುಕೊಂಡು ಕೂತರು. ಅರ್ಧ ಗಂಟೆ ಕಳೆದ ಮೇಲೆ ಒಂದು ಕಡೆ ಬೆರಳಿಟ್ಟರು. ಅಲ್ಪಪ್ರಾಣ ಇರಬೇಕಾದ ಕಡೆ ಮಹಾಪ್ರಾಣ ಬಿದ್ದಿತ್ತು.

“ಕನ್ವರ್ಟರ್ ಮಾಡಿರ್ಬೇಕು ಮೇಷ್ಟ್ರೇ, ಕೆಲವು ಅಕ್ಷರ ಹಾಗೆ ಆಗತ್ತೆ” ಅಂದೆ.

ಅವರು ಹಳೇ ಪ್ರತಿಯ ಅದೇ ಪುಟ ತಿರುಗಿಸಿ ನನ್ನ ಕಡೆ ಹಿಡಿದರು. “ಇಲ್ಲೂ ಹಾಗೇ ಇದೆ ನೋಡು” ಅಂದರು.

ತಿದ್ದಿ ಸೇವ್ ಮಾಡಿದೆ.